ಶಾಕ್ ಬಿಚ್ಚಿ, ಕೈಯಲ್ಲಿ ಆಡಿಸಿ ನೋಡಿ: ಫುಲ್ ಸಸ್ಪೆನ್ಷನ್ ಫ್ರೇಮ್ ಜೋಡಿಸೋದು, ನೋಡಿಕೊಳ್ಳೋದು

ಒಂದು ಸಲ ಬರೀ 'ಕಿರ್' ಅನ್ನೋ ಸದ್ದಿನ ಹಿಂದೆ ಎರಡು ವಾರ ಅಲೆದಿದ್ದೇನೆ. ನನ್ನದು ಫುಲ್ ಸಸ್ಪೆನ್ಷನ್ ಸೈಕಲ್, ಅಂದರೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರೋದು. ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ ಕಿರ್. ಎದ್ದು ನಿಂತು ತುಳಿದರೆ ಸದ್ದಿಲ್ಲ. ಹಿಂದಿನ ಸಸ್ಪೆನ್ಷನ್ನಿನ ಬೇರಿಂಗ್‌ಗಳೇ ಹೋಗಿವೆ ಅಂತ ನಾನೇ ತೀರ್ಪು ಕೊಟ್ಟುಕೊಂಡು ಎಂಟನ್ನೂ ಕಿತ್ತು ಹೊಸದು ಹಾಕಿದೆ. ಸದ್ದು ಹಾಗೇ ಇತ್ತು. ಕೊನೆಗೆ ಸೀಟ್ ಪೋಸ್ಟಿನ ಕ್ಲಾಂಪ್ ಬಿಚ್ಚಿದರೆ ಒಳಗೆ ಒಂದು ಚಿಟಿಕೆ ಮರಳು. ಒರೆಸಿ ಹಾಕಿದೆ, ಸದ್ದು ಮಾಯ.

ಆದರೆ ಕಿತ್ತ ಎಂಟು ಬೇರಿಂಗ್‌ಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದಾಗ ಎರಡು ನಿಜವಾಗಿಯೂ ಕೆಟ್ಟಿದ್ದವು. ಒಂದಂತೂ ತಿರುಗಲೇ ಇಲ್ಲ. ಸೀಲ್ ಎತ್ತಿದರೆ ಒಳಗೆ ಗ್ರೀಸ್ ಇರಬೇಕಾದ ಜಾಗದಲ್ಲಿ ಇಟ್ಟಿಗೆ ಬಣ್ಣದ ಕೆಸರು. ಇಷ್ಟು ದಿನ ಅದು ಒಂದು ಸದ್ದೂ ಮಾಡಿರಲಿಲ್ಲ! ಅವತ್ತಿನಿಂದ ನಾನು ಸದ್ದನ್ನು ನಂಬೋದು ಬಿಟ್ಟೆ. ಶಾಕ್, ಅಂದರೆ ಹಿಂದಿನ ಚಕ್ರದ ಹೊಡೆತ ನುಂಗುವ ಸಿಲಿಂಡರ್, ಬಿಚ್ಚಿ, ಹಿಂದಿನ ಭಾಗವನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡುತ್ತೇನೆ. ಫ್ರೇಮ್ ಜೋಡಿಸುವಾಗಲೂ ಅದೇ ಪರೀಕ್ಷೆ, ಆಮೇಲೆ ನೋಡಿಕೊಳ್ಳುವಾಗಲೂ ಅದೇ. ಈ ಲೇಖನದ ಮುಕ್ಕಾಲು ಪಾಲು ಅದರ ಸುತ್ತಲೇ ಇದೆ.

ಮೊದಲು ಏನೇನು ಎಲ್ಲೆಲ್ಲಿದೆ ಅಂತ ನೋಡೋಣ. ಸಾದಾ ಸೈಕಲ್ಲಿನ ಫ್ರೇಮ್ ಒಂದೇ ತುಂಡು, ಅಲುಗಾಡುವ ಜಾಗವೇ ಇಲ್ಲ. ಫುಲ್ ಸಸ್ಪೆನ್ಷನ್ನಿನಲ್ಲಿ ಮುಂದಿನ ತ್ರಿಕೋನ ಬೇರೆ, ಹಿಂದಿನ ಚಕ್ರ ಹಿಡಿದಿರುವ ತ್ರಿಕೋನ ಬೇರೆ. ಎರಡನ್ನೂ ಸೇರಿಸೋದು ಪಿವಟ್‌ಗಳು, ಅಂದರೆ ಕೀಲುಗಳು. ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ. ಪೆಡಲ್ ಹತ್ತಿರ ಒಂದು ಮುಖ್ಯ ಪಿವಟ್ ಇರುತ್ತದೆ. ಮೇಲೆ ರಾಕರ್ ಅನ್ನೋ ಸಣ್ಣ ತೋಳು ಇರುತ್ತದೆ. ಚಕ್ರ ಮೇಲೆ ಬಂದಾಗ ಆ ತೋಳು ತಿರುಗಿ ಶಾಕನ್ನು ಒತ್ತುತ್ತದೆ.

ಪಿವಟ್‌ಗಳು ಎಷ್ಟು, ಎಲ್ಲಿ ಅನ್ನೋದರ ಮೇಲೆ ಫ್ರೇಮ್‌ಗಳಲ್ಲಿ ಜಾತಿಗಳಿವೆ. ಚಕ್ರ ಮತ್ತು ಮುಂದಿನ ತ್ರಿಕೋನದ ನಡುವೆ ಒಂದೇ ಪಿವಟ್ ಇದ್ದರೆ ಸಿಂಗಲ್ ಪಿವಟ್. ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ, ಹಿಂದಿನ ತ್ರಿಕೋನದ ಕೆಳಗಿನ ಕೊಳವೆಯ ತುದಿಯಲ್ಲಿ ಇನ್ನೊಂದು ಪಿವಟ್ ಇದ್ದರೆ ಅದು ಹಾರ್ಸ್ಟ್ ಲಿಂಕ್. ಅದನ್ನು ಕಂಡುಹಿಡಿದ ಹಾರ್ಸ್ಟ್ ಲೈಟ್ನರ್ ಅವರ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಹಿಂದಿನ ತ್ರಿಕೋನ ಗಟ್ಟಿ ಒಂದೇ ತುಂಡಾಗಿದ್ದು, ಎರಡು ಗಿಡ್ಡ ತೋಳುಗಳು ಅದನ್ನು ಮುಂದಿನ ಭಾಗಕ್ಕೆ ಸೇರಿಸಿದರೆ ಅದು ವಿಪಿಪಿ (ವರ್ಚುವಲ್ ಪಿವಟ್ ಪಾಯಿಂಟ್) ಅಥವಾ ವಿನ್ಯಾಸಕಾರ ಡೇವ್ ವೀಗಲ್ ಅವರ ಡಿಡಬ್ಲ್ಯೂ ಲಿಂಕ್ ತರಹದ್ದು. ಯಾವುದು ಚೆನ್ನ ಅನ್ನೋ ಜಗಳ ಇವತ್ತಿಗೂ ಮುಗಿದಿಲ್ಲ, ನಾನು ಅದಕ್ಕೆ ಕೈ ಹಾಕಲ್ಲ. ಕೈಗೆ ಮಸಿ ಮಾಡಿಕೊಳ್ಳೋರಿಗೆ ಗೊತ್ತಿರಬೇಕಾದ್ದು ಒಂದೇ: ಪಿವಟ್ ಜಾಸ್ತಿಯಾದಷ್ಟೂ ಬೇರಿಂಗ್ ಜಾಸ್ತಿ, ಕೆಲಸವೂ ಜಾಸ್ತಿ.

ಇನ್ನೊಂದು ಲೆಕ್ಕ ತಿಳಿದಿದ್ದರೆ ಈ ಬೇರಿಂಗ್‌ಗಳು ಯಾಕೆ ಇಷ್ಟು ಬೇಗ ಹೋಗುತ್ತವೆ ಅಂತ ಅರ್ಥವಾಗುತ್ತದೆ. ಶಾಕ್ 60 ಮಿ.ಮೀ. ಒಳಗೆ ಹೋದಾಗ ಹಿಂದಿನ ಚಕ್ರ 150 ಮಿ.ಮೀ. ಮೇಲೆ ಬರುತ್ತದೆ ಅಂದುಕೊಳ್ಳಿ. 150ನ್ನು 60ರಿಂದ ಭಾಗಿಸಿದರೆ 2.5. ಇದೇ ಲೆವರೇಜ್ ರೇಷಿಯೋ. ನೀವು ಸುಮ್ನೆ ಕೂತಾಗ ಹಿಂದಿನ ಚಕ್ರದ ಮೇಲೆ 50 ಕೆ.ಜಿ. ಬಿದ್ದರೆ ಶಾಕ್ ಮೇಲೆ ಬೀಳೋದು ಸುಮಾರು 125 ಕೆ.ಜಿ. ಇದು ಬರೀ ಕೂತಾಗ. ಒಂದು ಬಂಡೆಯಿಂದ ಕೆಳಗೆ ಹಾರಿ ನೆಲಕ್ಕೆ ಬಡಿದಾಗ ಇದರ ಎಷ್ಟೋ ಪಟ್ಟು. ಆ ಭಾರವೆಲ್ಲ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಬೇರಿಂಗ್‌ಗಳ ಮೂಲಕವೇ ಹಾದು ಹೋಗಬೇಕು.

ಭಾರಕ್ಕಿಂತಲೂ ಬೇರಿಂಗ್ ಕೊಲ್ಲೋದು ಇನ್ನೊಂದಿದೆ. ಚಕ್ರದ ಬೇರಿಂಗ್ ಸುತ್ತುತ್ತಲೇ ಇರುತ್ತದೆ, ಹಾಗಾಗಿ ಒಳಗಿನ ಗ್ರೀಸ್ ಎಲ್ಲ ಗುಂಡುಗಳಿಗೂ ಹರಡುತ್ತದೆ. ಪಿವಟ್ ಬೇರಿಂಗ್ ಒಂದು ಸುತ್ತನ್ನೂ ಪೂರ್ತಿ ಮಾಡಲ್ಲ. ಕೆಲವು ಡಿಗ್ರಿ ಆ ಕಡೆ, ಕೆಲವು ಡಿಗ್ರಿ ಈ ಕಡೆ, ಅಷ್ಟೇ ಅದರ ಬದುಕು. ಅದೇ ಗುಂಡು ಅದೇ ಜಾಗದಲ್ಲಿ ಉಜ್ಜಿ ಉಜ್ಜಿ ಅಲ್ಲಿದ್ದ ಗ್ರೀಸನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ನೀರು ಒಳಗೆ ಹೋದರೆ ಅಲ್ಲೇ ತುಕ್ಕು ಹಿಡಿಯುತ್ತದೆ, ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಹೊಂಡ ಬೀಳುತ್ತವೆ. ಆಮೇಲೆ ಗುಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. ಕೈಯಲ್ಲಿ ತಿರುಗಿಸಿದಾಗ 'ಕಟ್ ಕಟ್' ಅಂತ ಬೆರಳಿಗೆ ತಾಗೋದು ಇದೇ.

ಇದಕ್ಕಾಗಿಯೇ ಪಿವಟ್‌ಗಳಿಗೆ 'ಮ್ಯಾಕ್ಸ್' ಅನ್ನೋ ಬೇರಿಂಗ್ ಬರುತ್ತದೆ. ಸಾಮಾನ್ಯ ಬೇರಿಂಗಿನಲ್ಲಿ ಗುಂಡುಗಳ ನಡುವೆ ಅಂತರ ಇಡಲು ಒಂದು ಪಂಜರ ಇರುತ್ತದೆ. ಮ್ಯಾಕ್ಸ್‌ನಲ್ಲಿ ಪಂಜರ ತೆಗೆದು ಆ ಜಾಗಕ್ಕೂ ಗುಂಡು ತುಂಬಿರುತ್ತಾರೆ. ಗುಂಡು ಜಾಸ್ತಿ ಇದ್ದಷ್ಟೂ ಭಾರ ಹಂಚಿಹೋಗುತ್ತದೆ. ವೇಗವಾಗಿ ಸುತ್ತುವ ಜಾಗಕ್ಕೆ ಇದು ಆಗಿಬರಲ್ಲ, ಆದರೆ ಇಲ್ಲಿ ವೇಗವೇ ಇಲ್ಲವಲ್ಲ. ಅಳತೆ ಬೇರಿಂಗಿನ ಮೇಲೇ ಬರೆದಿರುತ್ತದೆ. 6902 ಅಂದರೆ ಒಳಗಿನ ತೂತು 15, ಹೊರಗಿನ ವ್ಯಾಸ 28, ಅಗಲ 7 ಮಿ.ಮೀ. 6802 ಅಂದರೆ 15, 24, 5. ಜೊತೆಗೆ '2ಆರ್‌ಎಸ್' ಅಂತ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್ ಇದೆ ಅಂತ. ಕೊಳ್ಳುವಾಗ ಸಾಮಾನ್ಯವಾಗಿ ಆ ನಂಬರ್ ಹೇಳಿದರೆ ಸಾಕು, ಸೈಕಲ್ ಯಾವ ಕಂಪನಿದು ಅಂತ ಹೇಳಬೇಕಾಗಿಲ್ಲ.

ಈಗ ಜೋಡಿಸೋ ಕೆಲಸಕ್ಕೆ ಬರೋಣ. ಖಾಲಿ ಫ್ರೇಮ್ ತಂದಿದ್ದರೆ ಮೊದಲು ಅಳತೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಿಂದಿನ ಆಕ್ಸಲ್ ಯಾವುದು? ಈಗಿನ ಬಹಳಷ್ಟು ಟ್ರೇಲ್ (ಕಾಡು ಗುಡ್ಡದ ದಾರಿಯ) ಫ್ರೇಮ್‌ಗಳಲ್ಲಿ 12 ಮಿ.ಮೀ. ದಪ್ಪ, 148 ಮಿ.ಮೀ. ಅಗಲದ 'ಬೂಸ್ಟ್' ಅನ್ನೋ ಅಳತೆ ಇರುತ್ತದೆ. ಬಾಟಮ್ ಬ್ರಾಕೆಟ್ (ಪೆಡಲ್ ತೋಳುಗಳು ತಿರುಗುವ ಬೇರಿಂಗ್ ಭಾಗ) ಥ್ರೆಡ್ ಇರೋದಾ, ಒತ್ತಿ ಕೂರಿಸೋದಾ? ಥ್ರೆಡ್ ಇರೋ ಬಿಎಸ್‌ಎ ಆದರೆ ಚೈನ್ ಇರುವ ಕಡೆ ಉಲ್ಟಾ ಥ್ರೆಡ್ ಅನ್ನೋದು ನೆನಪಿರಲಿ, ಇದನ್ನು ಮರೆತು ಜೋರಾಗಿ ತಿರುಗಿಸಿ ಫ್ರೇಮ್ ಹಾಳು ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಅಂದರೆ ಡಿರೇಲರ್ ಹ್ಯಾಂಗರ್, ಯುಡಿಎಚ್ (ಯೂನಿವರ್ಸಲ್ ಡಿರೇಲರ್ ಹ್ಯಾಂಗರ್) ಆಗಿದ್ದರೆ ಒಳ್ಳೆಯದು. 2019ರಲ್ಲಿ ಬಿಡಿಭಾಗ ತಯಾರಿಸುವ ಸ್ರ್ಯಾಮ್ ಕಂಪನಿ ತಂದ ಅಳತೆ ಅದು, ಈಗ ಬೇರೆ ಬೇರೆ ಕಂಪನಿಗಳ ಫ್ರೇಮ್‌ಗಳಿಗೂ ಅದೇ ಹ್ಯಾಂಗರ್ ಸಾಕು.

ಶಾಕಿನ ಅಳತೆಯಲ್ಲಿ ತಪ್ಪು ಮಾಡೋರು ಇನ್ನೂ ಜಾಸ್ತಿ. ಎರಡು ಸಂಖ್ಯೆ ಇರುತ್ತದೆ. 210 ಗುಣಿಸು 55 ಅಂದರೆ ಒಂದು ತುದಿಯ ಬೋಲ್ಟ್ ತೂತಿನ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ 210 ಮಿ.ಮೀ., ಒಳಗೆ ಹೋಗೋದು, ಅಂದರೆ ಸ್ಟ್ರೋಕ್, 55 ಮಿ.ಮೀ. 2016ರಲ್ಲಿ ಬಂದ ಮೆಟ್ರಿಕ್ ಅಳತೆ ಇದು, ಅದಕ್ಕಿಂತ ಹಳೆಯ ಫ್ರೇಮ್ ಆದರೆ ಅಳತೆಯೇ ಬೇರೆ. ಟ್ರನಿಯನ್ ಅನ್ನೋ ಬಗೆಯಲ್ಲಿ ಮೇಲಿನ ತೂತಿನ ಬದಲು ಎರಡೂ ಬದಿಯಿಂದ ಬೋಲ್ಟ್ ಹಾಕುತ್ತಾರೆ, ಅದರಿಂದ ಉದ್ದ 25 ಮಿ.ಮೀ. ಕಮ್ಮಿ: 210ರ ಜಾಗದಲ್ಲಿ 185. ಸ್ಟ್ರೋಕ್ ಜಾಸ್ತಿ ಇದ್ದರೆ ಜಾಸ್ತಿ ಆಟ ಸಿಗುತ್ತಲ್ಲ ಅಂತ 55ರ ಜಾಗಕ್ಕೆ 60 ಹಾಕಲು ಹೋಗಬೇಡಿ. ಫ್ರೇಮ್ ತಯಾರಿಸಿದವರು ಆಗುತ್ತೆ ಅಂದಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಪೂರ್ತಿ ಕುಸಿದಾಗ ಟೈರ್ ಹೋಗಿ ಸೀಟ್ ಟ್ಯೂಬಿಗೆ ಬಡಿಯಬಹುದು.

ಕೇಬಲ್‌ಗಳನ್ನು ಎಲ್ಲಕ್ಕಿಂತ ಮೊದಲು ಎಳೆಯಿರಿ. ಬಾಟಮ್ ಬ್ರಾಕೆಟ್ ಹಾಕಿ, ಲಿಂಕ್ (ಫ್ರೇಮ್ ಸೇರಿಸುವ ತೋಳು) ಎಲ್ಲ ಬಿಗಿದು ಮುಗಿಸಿದ ಮೇಲೆ ಕೇಬಲ್ ನೆನಪಾದರೆ ಅರ್ಧ ಕೆಲಸ ವಾಪಸ್ ಬಿಚ್ಚಬೇಕಾಗುತ್ತದೆ. ಒಳಗೆ ಓಡುವ ಕೇಬಲ್‌ಗೆ ಸ್ಪಂಜಿನ ಕೊಳವೆ ತೊಡಿಸಿ, ಇಲ್ಲದಿದ್ದರೆ ಇಳಿಜಾರಿನುದ್ದಕ್ಕೂ ಡಬ್ಬದಲ್ಲಿ ಕಡ್ಡಿ ಅಲ್ಲಾಡಿಸಿದ ಹಾಗೆ ಗಲಗಲ ಅನ್ನುತ್ತಿರುತ್ತದೆ.

ಬೇರಿಂಗ್ ಕೂರಿಸೋದು ಈ ಇಡೀ ಕೆಲಸದಲ್ಲಿ ನಿಧಾನ ಬೇಡುವ ಭಾಗ. ಬೇರಿಂಗಿಗೆ ಎರಡು ಬಳೆ, ಹೊರಗಿನದು ಮತ್ತು ಒಳಗಿನದು. ಫ್ರೇಮಿನ ತೂತಿಗೆ ಬಿಗಿಯಾಗಿ ಕೂರೋದು ಹೊರಗಿನ ಬಳೆ. ಹಾಗಾಗಿ ಒತ್ತುವ ಬಲ ಹೊರಗಿನ ಬಳೆಯ ಮೇಲೆ ಮಾತ್ರ ಬೀಳಬೇಕು. ಒಳಗಿನ ಬಳೆಯ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹೋಗುತ್ತದೆ, ಹೊಚ್ಚ ಹೊಸ ಬೇರಿಂಗ್ ಸೈಕಲ್ ಏರುವ ಮೊದಲೇ ಹೊಂಡ ಬಿದ್ದು ಕೂತಿರುತ್ತದೆ. ಸುತ್ತಿಗೆ ಅಂತೂ ಬೇಡವೇ ಬೇಡ. ಬೇರಿಂಗ್ ಪ್ರೆಸ್ ಇದ್ದರೆ ಸರಿ. ಇಲ್ಲದಿದ್ದರೆ ಉದ್ದ ಥ್ರೆಡ್ ರಾಡ್ ಒಂದು, ಎರಡು ನಟ್, ನಾಲ್ಕಾರು ವಾಷರ್, ಜೊತೆಗೆ ಬೇರಿಂಗಿನ ಹೊರಬಳೆಗೆ ಸರಿಯಾಗಿ ಕೂರುವ ಒಂದು ಸಾಕೆಟ್. 28 ಮಿ.ಮೀ. ಬೇರಿಂಗಿಗೆ ಹೊರ ವ್ಯಾಸ 27ರ ಆಸುಪಾಸಿನ ಸಾಕೆಟ್ ಚೆನ್ನಾಗಿರುತ್ತದೆ. ರಾಡನ್ನು ತೂತಿನ ಮೂಲಕ ಹಾಯಿಸಿ ನಟ್ ಬಿಗಿಯುತ್ತಾ ಹೋದರೆ ಬೇರಿಂಗ್ ನಿಧಾನಕ್ಕೆ ಒಳಗೆ ಸರಿಯುತ್ತದೆ. ಮೊದಲ ಎರಡು ಮಿ.ಮೀ. ನೇರ ಹೋಯಿತಾ ಅಂತ ನಾಲ್ಕೂ ಕಡೆಯಿಂದ ಬಗ್ಗಿ ನೋಡಿ. ಓರೆಯಾಗಿದ್ದರೆ ಹೊರಗೆ ತೆಗೆದು ಮತ್ತೆ ಶುರು ಮಾಡಿ. ಒತ್ತಿದರೆ ತಾನೇ ನೆಟ್ಟಗಾಗುತ್ತೆ ಅಂತ ಮುಂದುವರಿದರೆ ಫ್ರೇಮಿನ ತೂತೇ ಅಗಲವಾಗುತ್ತದೆ, ಬೇರಿಂಗ್ ಇನ್ನೊಂದು ತರಬಹುದು, ಫ್ರೇಮ್ ಎಲ್ಲಿಂದ ತರ್ತೀರಿ?

ಬೇರಿಂಗನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಸುಲಭವಾಗಿ ಕೂರುತ್ತದೆ ಅಂತಾರೆ. ನಿಜ. 28 ಮಿ.ಮೀ. ಉಕ್ಕಿನ ಬಳೆ 45 ಡಿಗ್ರಿ ತಣ್ಣಗಾದರೆ ಸುಮಾರು 0.015 ಮಿ.ಮೀ. ಕುಗ್ಗುತ್ತದೆ. ಕೇಳೋಕೆ ಏನೂ ಅಲ್ಲ ಅನ್ನಿಸಬಹುದು, ಆದರೆ ಬೇರಿಂಗ್ ಬಿಗಿಯಾಗಿ ಕೂರೋದೂ ಇಂಥ ಕೂದಲೆಳೆಯ ವ್ಯತ್ಯಾಸದಲ್ಲೇ. ಹೊರಗೆ ತೆಗೆದ ಮೇಲೆ ಅದರ ಮೇಲೆ ಕೂರುವ ತೇವವನ್ನು ಒರೆಸೋದು ಮರೀಬೇಡಿ. ಅಲ್ಯೂಮಿನಿಯಂ ಫ್ರೇಮ್ ಆದರೆ ತೂತಿನ ಸುತ್ತ ಸ್ವಲ್ಪ ಬಿಸಿ ಮಾಡಲೂಬಹುದು. ಕಾರ್ಬನ್ ಫ್ರೇಮಿಗೆ ಬಿಸಿ ತೋರಿಸಬೇಡಿ.

ಹಳೇ ಬೇರಿಂಗ್ ತೆಗೆಯಲು ಬ್ಲೈಂಡ್ ಪುಲ್ಲರ್ ಬೇಕು. ಒಳಗೆ ಹೋಗಿ ಹಿಗ್ಗಿ ಬೇರಿಂಗನ್ನು ಹಿಂದಿನಿಂದ ಹಿಡಿದು ಎಳೆಯುವ ಸಾಧನ ಅದು. ತೆಗೆಯುವಾಗ ಬಲ ಒಳಬಳೆಯ ಮೇಲೇ ಬೀಳುತ್ತದೆ, ಹಾಗಾಗಿ ಹೀಗೆ ಕಿತ್ತ ಬೇರಿಂಗನ್ನು ವಾಪಸ್ ಹಾಕುವಂತಿಲ್ಲ. ನನ್ನ ಆ ಆರು ಒಳ್ಳೆಯ ಬೇರಿಂಗ್‌ಗಳ ಕಥೆಯೂ ಹೀಗೇ ಮುಗಿಯಿತು.

ಬೇರಿಂಗ್ ಕೂತ ಮೇಲೆ ಲಿಂಕ್‌ಗಳು, ಹಿಂದಿನ ತ್ರಿಕೋನ. ಇಲ್ಲಿ ಗ್ರೀಸ್ ಎಲ್ಲಿ, ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದ ಹಾಗೆ ಹಿಡಿಯುವ ಅಂಟು) ಎಲ್ಲಿ ಅನ್ನೋ ಗೊಂದಲ ಎಲ್ಲರಿಗೂ ಇರುತ್ತದೆ. ಬೋಲ್ಟಿನಲ್ಲಿ ಬೇರಿಂಗ್ ಕೂರುವ ನುಣುಪಾದ ಭಾಗಕ್ಕೆ, ಬೋಲ್ಟಿನ ತಲೆಯ ಕೆಳಗೆ ತೆಳ್ಳಗೆ ಗ್ರೀಸ್. ಥ್ರೆಡ್ಡಿನ ಮೇಲೆ ನೀಲಿ ಥ್ರೆಡ್ ಲಾಕರ್, ಲಾಕ್‌ಟೈಟ್ 243 ತರಹದ್ದು, ಒಂದೆರಡು ಹನಿ. ಎರಡೂ ಒಂದಕ್ಕೊಂದು ಬೆರೆಯದ ಹಾಗೆ ನೋಡಿಕೊಳ್ಳಿ. ಹಳೇ ಬೋಲ್ಟ್ ಆದರೆ ಥ್ರೆಡ್ಡಿನಲ್ಲಿ ಒಣಗಿ ಕೂತ ನೀಲಿ ಪುಡಿಯನ್ನು ಬ್ರಷ್ಷಿನಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಆಮೇಲೆ ಹೊಸ ಹನಿ ಹಾಕಬೇಕು. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಕೆಂಪು ಲಾಕರ್ ಇಲ್ಲಿ ಬೇಡ, ಮುಂದಿನ ಸಲ ಬಿಚ್ಚೋರು ನೀವೇ ಅಲ್ವಾ.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಸಡಿಲವಾಗಿ ತಿರುಗಿಸಿ ನಿಲ್ಲಿಸಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ಬೋಲ್ಟ್ ತೂತಿಗೆ ಸರಿಯಾಗಿ ಬರಲ್ಲ. ಎಲ್ಲವೂ ಜಾಗಕ್ಕೆ ಬಂದ ಮೇಲೆ ಹಿಂದಿನ ಭಾಗವನ್ನು ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ, ತುಂಡುಗಳು ತಮ್ಮ ತಮ್ಮ ಜಾಗ ನೋಡಿಕೊಳ್ಳುತ್ತವೆ. ಆಮೇಲೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿದೆವು ಅಂತ ತೋರಿಸುವ ಸ್ಪ್ಯಾನರ್.

ಟಾರ್ಕ್ ಎಷ್ಟು ಅಂತ ಕೇಳಿದರೆ ನನ್ನ ಉತ್ತರ ಯಾವಾಗಲೂ ಒಂದೇ: ಬೋಲ್ಟಿನ ತಲೆ ಮೇಲೆ ಅಥವಾ ಫ್ರೇಮಿನ ಕೈಪಿಡಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟು. ಒಂದೇ ಫ್ರೇಮಿನಲ್ಲಿ ಒಂದು ಪಿವಟ್‌ಗೆ ಒಂದು ಅಳತೆ, ಪಕ್ಕದ್ದಕ್ಕೆ ಇನ್ನೊಂದು. ಬೇರೆ ಸೈಕಲ್ಲಿನ ಸಂಖ್ಯೆ ಇದಕ್ಕೆ ಆಗಲ್ಲ. ಆದರೆ ಆ ಸಂಖ್ಯೆ ಕೈಗೆ ಹೇಗಿರುತ್ತೆ ಅನ್ನೋ ಅಂದಾಜು ಇರಲಿ. 10 ನ್ಯೂಟನ್ ಮೀಟರ್ ಅಂದರೆ 20 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ ಸುಮಾರು 5 ಕೆ.ಜಿ. ತೂಕ ನೇತು ಹಾಕಿದಷ್ಟು. ಬಹಳ ಅಲ್ಲ. ನಾನು ಮೊದಮೊದಲು 'ಗಟ್ಟಿಯಾಗಿರಲಿ' ಅಂತ ಮೈಭಾರ ಹಾಕಿ ಬಿಗಿದು ಒಂದು ಅಲ್ಯೂಮಿನಿಯಂ ಬೋಲ್ಟಿನ ಆರು ಮೂಲೆಯನ್ನು ಗುಂಡಗೆ ಮಾಡಿದ್ದೇನೆ. ಅದನ್ನು ಕೊರೆದು ತೆಗೆಯಲು ಇಡೀ ಭಾನುವಾರ ಹೋಯಿತು.

ಕೆಲವು ಪಿವಟ್ ಆಕ್ಸಲ್‌ಗಳ ತುದಿಯಲ್ಲಿ ಸೀಳಿದ ಬಾಯಿ, ಅದರೊಳಗೆ ಬೆಣೆಯಂಥ ತುಂಡು ಇರುತ್ತದೆ. ಇದಕ್ಕೆ ಎರಡು ಹಂತ. ಮೊದಲು ಆಕ್ಸಲ್ ಬಿಗಿಯಬೇಕು, ಆಮೇಲೆ ಬೆಣೆಯ ಬೋಲ್ಟ್. ಬಿಚ್ಚುವಾಗ ಇದರ ಉಲ್ಟಾ: ಬೆಣೆಯ ಬೋಲ್ಟನ್ನು ಮೂರ್ನಾಲ್ಕು ಸುತ್ತು ಸಡಿಲಿಸಿ ತಲೆಗೆ ಮೆಲ್ಲಗೆ ತಟ್ಟಿದರೆ ಬೆಣೆ ಬಿಡುತ್ತದೆ. ಇದು ಗೊತ್ತಿಲ್ಲದೆ ನೇರ ಆಕ್ಸಲ್‌ಗೆ ಕೈ ಹಾಕಿದರೆ ಅದು ಜಪ್ಪಯ್ಯ ಅಂದರೂ ಬರಲ್ಲ.

ಶಾಕ್ ಹಾಕುವ ಮುಂಚೆ ಒಂದು ನಿಮಿಷ ನಿಲ್ಲಿ. ಇದೇ ಆ ಪರೀಕ್ಷೆ.

ಎಲ್ಲ ಪಿವಟ್ ಬಿಗಿದಿದೆ, ಶಾಕ್ ಇಲ್ಲ, ಚೈನೂ ಇಲ್ಲ. ಹಿಂದಿನ ಭಾಗವನ್ನು ಮೇಲೆ ಎತ್ತಿ ಕೈ ಬಿಡಿ. ತನ್ನ ಭಾರಕ್ಕೇ ನುಣ್ಣಗೆ ಕೆಳಗೆ ಇಳಿಯಬೇಕು. ಎಲ್ಲೋ ಒಂದು ಕಡೆ ತಡೆದು ನಿಂತರೆ ಒಂದು ಬೇರಿಂಗ್ ಓರೆಯಾಗಿದೆ, ಅಥವಾ ಒಂದು ವಾಷರ್ ಜಾಗ ತಪ್ಪಿದೆ, ಅಥವಾ ಬೋಲ್ಟ್ ಜಾಸ್ತಿ ಬಿಗಿಯಾಗಿದೆ. ಒಂದೊಂದೇ ಬೋಲ್ಟ್ ಸ್ವಲ್ಪ ಸಡಿಲಿಸಿ ಮತ್ತೆ ಎತ್ತಿ ಬಿಟ್ಟು ನೋಡಿ. ಯಾವುದನ್ನು ಸಡಿಲಿಸಿದಾಗ ನುಣ್ಣಗೆ ಇಳಿಯಿತೋ ತೊಂದರೆ ಅಲ್ಲಿದೆ. ಇಳಿಯುವಾಗ ಕೈಯನ್ನು ಒಂದೊಂದೇ ಪಿವಟ್ ಮೇಲೆ ಇಡಿ. ಒಳಗೆ ಕಟ್ ಕಟ್ ಅಂದರೆ ಬೆರಳಿಗೆ ಗೊತ್ತಾಗುತ್ತದೆ, ಕಿವಿಗೆ ಕೇಳಿಸಲ್ಲ. ಆಮೇಲೆ ಚಕ್ರದ ಕಡೆಯ ತುದಿಯನ್ನು ಹಿಡಿದು ಎಡಕ್ಕೆ ಬಲಕ್ಕೆ ಎಳೆಯಿರಿ. ಸಣ್ಣ ಬಾಗು ಸರಿ, ಆದರೆ 'ಟಕ್' ಅಂತ ಸಡಿಲ ಇರಬಾರದು.

ಒಂದು ವಿನಾಯಿತಿ ಇದೆ. ಕೆಲವು ಕಮ್ಮಿ ಟ್ರಾವೆಲ್ (ಹಿಂದಿನ ಚಕ್ರ ಕಮ್ಮಿ ಆಡುವ) ಫ್ರೇಮ್‌ಗಳಲ್ಲಿ ಹಿಂದಿನ ಪಿವಟ್ ತೆಗೆದುಹಾಕಿ ಆ ಕೊಳವೆಯೇ ಬಾಗುವ ಹಾಗೆ ಮಾಡಿರುತ್ತಾರೆ, ಫ್ಲೆಕ್ಸ್ ಸ್ಟೇ ಅಂತ. ಅದು ಸ್ಪ್ರಿಂಗಿನ ಹಾಗೆ ತನ್ನ ಜಾಗಕ್ಕೇ ಬಂದು ನಿಲ್ಲುತ್ತದೆ, ಎತ್ತಿ ಬಿಟ್ಟರೆ ಪೂರ್ತಿ ಕೆಳಗೆ ಬೀಳಲ್ಲ. ಅದು ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಈಗ ಶಾಕ್. ಅದರ ಬೋಲ್ಟ್ ಬೆರಳಲ್ಲಿ ತಳ್ಳಿದರೆ ಎರಡೂ ತೂತುಗಳಲ್ಲಿ ಹಾಯಬೇಕು. ಸುತ್ತಿಗೆಯಲ್ಲಿ ತಟ್ಟಿ ಹಾಯಿಸಬೇಕಾಗಿ ಬಂದರೆ ಫ್ರೇಮ್ ಶಾಕನ್ನು ಒಂದು ಪಕ್ಕಕ್ಕೆ ಎಳೆಯುತ್ತಿದೆ ಅಂತ ಅರ್ಥ. ಹಾಗೇ ಬಿಗಿದು ಓಡಿಸಿದರೆ ಶಾಕಿನ ನುಣುಪು ಕಡ್ಡಿ ಪ್ರತಿ ಸಲವೂ ಸೀಲನ್ನು ಒಂದೇ ಕಡೆ ಉಜ್ಜುತ್ತದೆ, ಕೆಲವೇ ತಿಂಗಳಲ್ಲಿ ಎಣ್ಣೆ ಜಿನುಗಲು ಶುರು. ಶಾಕಿನ ಕಣ್ಣಿನಲ್ಲಿ, ಅಂದರೆ ತುದಿಯ ಬೋಲ್ಟ್ ತೂತಿನಲ್ಲಿ, ಡಿಯು ಬುಷ್ ಅನ್ನೋ ತೆಳು ಬಳೆ ಇರುತ್ತದೆ. ಅದರಲ್ಲಿ ಕೂರುವ ಪಿನ್ ಬೆರಳಿಗೆ ಸ್ವಲ್ಪ ಬಿಗಿಯಾಗಿ ತಿರುಗಿದರೆ ಸರಿ, ಲೊಳಲೊಳ ಅಂತ ಅಲುಗಿದರೆ ಬುಷ್ ಬದಲಿಸಿ. ಸಣ್ಣ ತುಂಡು, ಆದರೆ ಹಿಂದಿನ ಚಕ್ರದಲ್ಲಿ 'ಟಕ್ ಟಕ್' ಅನ್ನೋ ಸಡಿಲಕ್ಕೆ ಎಷ್ಟೋ ಸಲ ಇದೇ ಕಾರಣ, ಬೇರಿಂಗ್ ಅಲ್ಲ.

ಚಕ್ರ ಹಾಕಿದ ಮೇಲೆ, ಚೈನ್ ಕತ್ತರಿಸುವ ಮೊದಲು, ಗಾಳಿ ತೆಗೆದು ಶಾಕನ್ನು ಪೂರ್ತಿ ಕುಸಿಸಿ ನೋಡಬೇಕು. ಗಾಳಿಯನ್ನು ನಿಧಾನವಾಗಿ ಬಿಡಿ. ಒಂದೇ ಸಲ 'ಬುಸ್' ಅಂತ ಬಿಟ್ಟರೆ ಒಳಗಿನ 'ನೆಗೆಟಿವ್' ಅನ್ನೋ ಎರಡನೇ ಗಾಳಿ ಕೋಣೆಯಲ್ಲಿ ಗಾಳಿ ಸಿಕ್ಕಿಕೊಂಡು ಶಾಕ್ ಕುಸಿದೇ ನಿಲ್ಲಬಹುದು. ಕುಸಿದ ಸ್ಥಿತಿಯಲ್ಲಿ ನೋಡಬೇಕಾದ್ದು ಇಷ್ಟು: ಟೈರ್ ಎಲ್ಲೂ ತಾಗುತ್ತಿಲ್ಲವಾ? ಬ್ರೇಕ್ ಹೋಸ್, ಗೇರ್ ಕೇಬಲ್ ಬಿಗಿದು ಎಳೆಯುತ್ತಿಲ್ಲವಾ, ಇಲ್ಲಾ ಮಡಚಿ ಲಿಂಕಿನ ಮಧ್ಯೆ ಸಿಗುತ್ತಿಲ್ಲವಾ? ಸೀಟ್ ಪೂರ್ತಿ ಇಳಿಸಿದರೆ ಟೈರಿಗೆ ಬಡಿಯುತ್ತದಾ?

ಚೈನಿನ ಉದ್ದವೂ ಇಲ್ಲೇ ತೀರ್ಮಾನ. ಸಸ್ಪೆನ್ಷನ್ ಕುಸಿಯುತ್ತಾ ಹೋದಂತೆ ಪೆಡಲಿನ ನಡುಮಧ್ಯಕ್ಕೂ ಹಿಂದಿನ ಆಕ್ಸಲ್‌ಗೂ ಇರುವ ದೂರ ಬಹಳಷ್ಟು ಫ್ರೇಮ್‌ಗಳಲ್ಲಿ ಜಾಸ್ತಿಯಾಗುತ್ತದೆ. ಸೈಕಲ್ ಸ್ಟ್ಯಾಂಡಿನ ಮೇಲೆ ನಿಂತಿದ್ದಾಗ ಅಳೆದು ಕತ್ತರಿಸಿದರೆ ಒಂದು ದೊಡ್ಡ ಜಂಪಿನಲ್ಲಿ ಚೈನ್ ಸಾಲದೆ ಡಿರೇಲರನ್ನೇ ಕಿತ್ತುಹಾಕಬಹುದು. ಅದಕ್ಕೇ ಆ ದೂರ ಅತಿ ಹೆಚ್ಚಿರುವ ಸ್ಥಿತಿಯಲ್ಲಿ ಚೈನನ್ನು ಡಿರೇಲರ್ ಬಿಟ್ಟು ಮುಂದಿನ ಮತ್ತು ಹಿಂದಿನ ಅತಿ ದೊಡ್ಡ ಹಲ್ಲು ಚಕ್ರಗಳೆರಡರ ಸುತ್ತ ಹಾಕಿ, ಡಿರೇಲರ್ ಕೈಪಿಡಿ ಹೇಳಿದಷ್ಟು ಕೊಂಡಿ ಸೇರಿಸಿ ಕತ್ತರಿಸಿ.

ಗಾಳಿ ತುಂಬೋದು ಸುಲಭ, ಆದರೆ ಒಂದೇ ಸಲ ಪೂರ್ತಿ ತುಂಬಬೇಡಿ. ಸ್ವಲ್ಪ ತುಂಬಿ, ಪಂಪ್ ತೆಗೆದು, ಸೀಟ್ ಒತ್ತಿ ಶಾಕನ್ನು ಹತ್ತು ಸಲ ನಿಧಾನಕ್ಕೆ ಆಡಿಸಿ, ಮತ್ತೆ ತುಂಬಿ. ಆಗ ಒಳಗಿನ ಎರಡೂ ಕೋಣೆಗಳಿಗೆ ಗಾಳಿ ಸಮವಾಗುತ್ತದೆ. ಶಾಕ್ ಮೇಲೆ ಬರೆದಿರುವ ಗರಿಷ್ಠ ಪಿಎಸ್‌ಐ ಮೀರಬೇಡಿ. ಆಮೇಲೆ ಸ್ಯಾಗ್, ಅಂದರೆ ನೀವು ಸುಮ್ನೆ ಕೂತ ಭಾರಕ್ಕೇ ಶಾಕ್ ಕುಸಿಯುವಷ್ಟು: ಹೆಲ್ಮೆಟ್, ಶೂ, ನೀರಿನ ಚೀಲ ಎಲ್ಲ ಹಾಕಿಕೊಂಡು ಸೈಕಲ್ ಮೇಲೆ ಕೂತು, ಶಾಕಿನ ರಬ್ಬರ್ ಉಂಗುರವನ್ನು ಸೀಲಿನ ತನಕ ಸರಿಸಿ, ಅಲುಗಾಡದೆ ಇಳಿಯಿರಿ. ಉಂಗುರ ಎಷ್ಟು ದೂರ ಸರಿಯಿತೋ ಅದೇ ಸ್ಯಾಗ್. ಸಾಮಾನ್ಯವಾಗಿ ಸ್ಟ್ರೋಕಿನ ಶೇ 25ರಿಂದ 35. 60 ಮಿ.ಮೀ. ಸ್ಟ್ರೋಕಿಗೆ ಶೇ 30 ಅಂದರೆ 18 ಮಿ.ಮೀ. ಇನ್ನೊಂದು ಮಾತು, ಪಂಪ್ ಮತ್ತೆ ಹಾಕಿದಾಗ ಮೀಟರ್ ಕಮ್ಮಿ ತೋರಿಸಿದರೆ ಶಾಕ್ ಸೋರುತ್ತಿದೆ ಅಂತ ಹೆದರಬೇಡಿ. ಪಂಪಿನ ಪೈಪ್ ತುಂಬಲು ಶಾಕಿನ ಗಾಳಿಯೇ ಹೋಗಿರುತ್ತದೆ.

ಜೋಡಿಸಿ ಆಯಿತು. ನೋಡಿಕೊಳ್ಳೋದು ಇದಕ್ಕಿಂತ ಕಮ್ಮಿ ಕೆಲಸ, ಆದರೆ ಮರೆತುಹೋಗುವ ಕೆಲಸ.

ತೊಳೆಯೋದರಿಂದಲೇ ಶುರು ಮಾಡೋಣ. ಕೆಸರು ಒಣಗುವ ಮೊದಲು ಬಕೆಟ್ ನೀರು, ಮೆತ್ತನೆ ಬ್ರಷ್, ಸಾಕು. ಜೋರು ಒತ್ತಡದ ನೀರಿನ ಗನ್ ಹಿಡಿದು ಪಿವಟ್‌ಗೆ ನೇರ ಹೊಡೆದರೆ ರಬ್ಬರ್ ಸೀಲ್ ದಾಟಿ ನೀರು ಒಳಗೆ ಹೋಗುತ್ತದೆ. ಹೊರಗೆ ಫಳಫಳ, ಒಳಗೆ ತುಕ್ಕು. ತೊಳೆದ ಮೇಲೆ ಶಾಕಿನ ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆಯಿರಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಅಲ್ಲಿಂದ ಸೋರಿಕೆ ಶುರುವಾಗುತ್ತದೆ.

ಶಾಕ್ ಬಿಚ್ಚಿ ಆಡಿಸಿ ನೋಡುವ ಪರೀಕ್ಷೆಯನ್ನು ಮಳೆಗಾಲದಲ್ಲಿ ಓಡಿಸೋರು ಎರಡು ಮೂರು ತಿಂಗಳಿಗೊಮ್ಮೆ, ಒಣ ನೆಲದವರು ವರ್ಷಕ್ಕೆ ಒಂದೆರಡು ಸಲ ಮಾಡಿದರೆ ಸಾಕು ಅನ್ನೋದು ನನ್ನ ಅಭಿಪ್ರಾಯ. ಬೇರಿಂಗ್ ಸ್ವಲ್ಪ ಒಣಗಿದೆ, ಆದರೆ ಇನ್ನೂ ನುಣುಪಾಗಿ ತಿರುಗುತ್ತಿದೆ ಅಂದರೆ ಕೀಳಬೇಕಾಗಿಲ್ಲ. ತೆಳು ಬ್ಲೇಡಿನ ತುದಿಯನ್ನು ಸೀಲಿನ ಒಳ ಅಂಚಿಗೆ ಕೊಟ್ಟು ಮೆಲ್ಲಗೆ ಎತ್ತಿದರೆ ಸೀಲ್ ಹಾಗೇ ಬರುತ್ತದೆ. ಹಳೇ ಗ್ರೀಸ್ ತೊಳೆದು, ಒಣಗಿಸಿ, ನೀರಿಗೆ ಜಗ್ಗದ ಗ್ರೀಸ್ ತುಂಬಿ. ಎಷ್ಟು? ಚಕ್ರದ ಬೇರಿಂಗಿಗೆ ಪೂರ್ತಿ ತುಂಬಿದರೆ ಎಳೆದ ಹಾಗಾಗುತ್ತದೆ. ಇಲ್ಲಿ ವೇಗ ಇಲ್ಲ, ಗಂಟಲ ತನಕ ತುಂಬಿ. ಗ್ರೀಸ್ ಇರುವ ಜಾಗಕ್ಕೆ ನೀರು ಬರಲ್ಲ. ಕಟ್ ಕಟ್ ಶುರುವಾದ ಬೇರಿಂಗಿಗೆ ಮಾತ್ರ ಇದು ಮದ್ದಲ್ಲ. ಬಿದ್ದ ಹೊಂಡ ಗ್ರೀಸಿನಿಂದ ಮುಚ್ಚಲ್ಲ, ಬದಲಿಸಿ.

ಗಾಳಿ ಶಾಕಿನ ಹೊರಗಿನ ಸಿಲಿಂಡರ್ ಬಿಚ್ಚಿ ಸೀಲ್ ಒರೆಸಿ ಎಣ್ಣೆ ಹಾಕೋದು ಮನೆಯಲ್ಲೇ ಮಾಡಬಹುದಾದ ಕೆಲಸ. ಶಾಕ್ ತಯಾರಿಸುವ ರಾಕ್‌ಶಾಕ್ಸ್‌ನವರು ಇದಕ್ಕೆ 50 ಗಂಟೆಯ ಲೆಕ್ಕ ಕೊಡುತ್ತಾರೆ, ಬೇರೆಯವರದ್ದು ಬೇರೆ. ಒಳಗಿನ ಡ್ಯಾಂಪರ್ (ಶಾಕಿನ ಆಟವನ್ನು ನಿಧಾನಗೊಳಿಸುವ ಭಾಗ) ಕೆಲಸ ಬೇರೆ ಕಥೆ, ಅದರಲ್ಲಿ ಒತ್ತಡದ ನೈಟ್ರೋಜನ್ ಇರುತ್ತದೆ, ಅದನ್ನು ಬಲ್ಲವರಿಗೆ ಬಿಡಿ. ಮನೆಯಲ್ಲಿ ಮಾಡುವಾಗ ಎರಡು ಎಚ್ಚರಿಕೆ. ಗಾಳಿ ಪೂರ್ತಿ ತೆಗೆಯದೆ ಏನನ್ನೂ ತಿರುಗಿಸಬೇಡಿ. ಗಾಳಿ ತೆಗೆದ ಮೇಲೂ ಶಾಕ್ ಕುಸಿದೇ ನಿಂತಿದ್ದರೆ ಮುಟ್ಟಲೇಬೇಡಿ. ಒಳಗೆ ಒತ್ತಡ ಸಿಕ್ಕಿಕೊಂಡಿರುತ್ತದೆ, ಬಿಚ್ಚಿದ ಕ್ಷಣ ಸಿಲಿಂಡರ್ ಗುಂಡಿನ ಹಾಗೆ ಹಾರುತ್ತದೆ.

ಸದ್ದಿನ ವಿಷಯಕ್ಕೆ ವಾಪಸ್ ಬಂದರೆ, ಕಿರ್ ಅಂದ ತಕ್ಷಣ ಪಿವಟ್ ಬಿಚ್ಚಬೇಡಿ. ಕೂತಾಗ ಮಾತ್ರ ಬಂದರೆ ಸೀಟ್, ಅದರ ಕಂಬಿ, ಪೋಸ್ಟ್, ಕ್ಲಾಂಪ್. ನಿಂತು ತುಳಿದಾಗಲೂ ಬಂದರೆ ಪೆಡಲ್, ಕ್ರಾಂಕ್ (ಪೆಡಲ್ ತೋಳು), ಬಾಟಮ್ ಬ್ರಾಕೆಟ್, ಹಿಂದಿನ ಆಕ್ಸಲ್. ಆಕ್ಸಲ್ ಬಿಚ್ಚಿ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿ ಬಿಗಿದರೆ ಹೋಗುವ ಸದ್ದು ಎಷ್ಟೋ. ತುಳಿಯದೆ, ಹ್ಯಾಂಡಲ್ ಒತ್ತಿದಾಗ ಬಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್ ಭಾಗ, ಅಂದರೆ ಹೆಡ್‌ಸೆಟ್. ಇವೆಲ್ಲ ಮುಗಿದ ಮೇಲೂ, ತುಳಿಯದೆ ಸುಮ್ನೆ ಸೀಟ್ ಒತ್ತಿ ಸಸ್ಪೆನ್ಷನ್ ಆಡಿಸಿದಾಗ ಬಂದರೆ ಆಗ ಪಿವಟ್. ಸಡಿಲ ಇದೆಯಾ ಅಂತ ನೋಡಲು ಸೀಟ್ ಹಿಡಿದು ಹಿಂದಿನ ಚಕ್ರ ನೆಲದಿಂದ ಮೇಲೇಳುವ ಹೊತ್ತಿಗೆ ಸರಿಯಾಗಿ ಎತ್ತಿ ಇಳಿಸಿ, ಇನ್ನೊಂದು ಕೈಯ ಬೆರಳನ್ನು ಒಂದೊಂದು ಕೀಲಿನ ಸಂದಿಯ ಮೇಲೆ ಇಡಿ. ಯಾವ ಸಂದಿ ಮಿಸುಕಿತೋ ಅದೇ.

ಹೊಸದಾಗಿ ಜೋಡಿಸಿದ ಫ್ರೇಮಿನ ಬೋಲ್ಟ್‌ಗಳು ಮೊದಲ ಕೆಲವು ಸವಾರಿಗಳಲ್ಲಿ ಸ್ವಲ್ಪ ಸಡಿಲವಾಗೋದು ಮಾಮೂಲು. ಅದಕ್ಕೇ ನಾನು ಬಿಗಿದ ಪ್ರತಿ ಬೋಲ್ಟಿನ ತಲೆಯಿಂದ ಫ್ರೇಮಿಗೆ ಅಡ್ಡಲಾಗಿ ಬಿಳಿ ಪೇಂಟ್ ಪೆನ್ನಿನಲ್ಲಿ ಸಣ್ಣ ಗೆರೆ ಎಳೆಯುತ್ತೇನೆ. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ, ತೊಳೆಯುವಾಗ ಕಣ್ಣಿಗೆ ಬೀಳುತ್ತದೆ. ಕಳೆದ ಸಲ ರಾಕರ್‌ನ ಎಡಗಡೆಯ ಬೋಲ್ಟಿನ ಗೆರೆ ಒಂದು ನೂಲಿನಷ್ಟು ಸರಿದಿತ್ತು. ಬಿಚ್ಚಿ ನೋಡಿದರೆ ಥ್ರೆಡ್ಡಿನ ಮೇಲೆ ನೀಲಿಯ ಸುಳಿವೇ ಇಲ್ಲ, ಬರೀ ಗ್ರೀಸ್. ಹಾಕೋದನ್ನೇ ಮರೆತಿದ್ದೆ. ಒರೆಸಿ, ಎರಡು ಹನಿ ಹಾಕಿ, ಬಿಗಿದು, ಹೊಸ ಗೆರೆ ಎಳೆದೆ. ಹತ್ತು ನಿಮಿಷದ ಕೆಲಸ. ಮಾರನೇ ದಿನದ ತನಕ ಸೈಕಲ್ ಮುಟ್ಟದೆ ಕೂರೋದೇ ಕಷ್ಟವಾಗಿದ್ದು.